ಐದು ನೋಟ್‌ಬುಕ್ಕುಗಳು: ಆಕ್ರಮಿತ ನಾಡಿನಲ್ಲಿ ಮಕ್ಕಳನ್ನು ಕಾಪಾಡಿದವರು



ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ನೆನಪಿಗಾಗಿ ಇಟ್ಟ ದತ್ತಿಯ ಉಪನ್ಯಾಸ ಇದು. ಅದಕ್ಕೇ ಇವತ್ತಿನ ಮಾತನ್ನು ಇನ್ನೊಬ್ಬ ಶಾಲಾ ಶಿಕ್ಷಕಿಯಿಂದ ಶುರುಮಾಡುತ್ತೇನೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದವರು, ಹೆಸರು ಆಂದ್ರೆ ಗ್ಯೂಲೆನ್. ಹುಟ್ಟಿದ್ದು 1921ರಲ್ಲಿ. 1942ರ ಬೇಸಿಗೆಯಲ್ಲಿ ಅವರ ತರಗತಿಯ ಕೆಲವು ಮಕ್ಕಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿಸಿಕೊಂಡು ಶಾಲೆಗೆ ಬಂದರು. ಯಹೂದಿಗಳೆಲ್ಲರೂ, ಆರು ವರ್ಷ ದಾಟಿದ ಮಕ್ಕಳೂ ಸೇರಿ, ಆ ಗುರುತು ಧರಿಸಲೇಬೇಕೆಂದು ಜರ್ಮನ್ ಸೇನಾಡಳಿತ ಆಜ್ಞೆ ಹೊರಡಿಸಿತ್ತು. ಇಪ್ಪತ್ತೊಂದೂ ತುಂಬದ ಆ ಶಿಕ್ಷಕಿ ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ. ತರಗತಿಯ ಎಲ್ಲ ಮಕ್ಕಳೂ ಬಟ್ಟೆಯ ಮೇಲೆ ಏಪ್ರನ್ ತೊಟ್ಟೇ ಕೂರಬೇಕು ಎಂದು ಹೇಳಿದರು. ಏಪ್ರನ್ ಅಡಿಯಲ್ಲಿ ನಕ್ಷತ್ರ ಯಾರಿಗಿದೆ, ಯಾರಿಗಿಲ್ಲ ಎಂದು ಕಾಣುತ್ತಿರಲಿಲ್ಲ.

ಇದು ಬಹಳ ಚಿಕ್ಕ ಕೆಲಸ. ಆದರೆ ಆಕ್ರಮಿತ ನಾಡಿನಲ್ಲಿ ಮಕ್ಕಳನ್ನು ಕಾಪಾಡುವ ಕೆಲಸ ಹೇಗಿರುತ್ತದೆ ಎಂಬುದು ಅದರಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಪರಸೈನ್ಯದ ವಶದಲ್ಲಿರುವ ಊರು ಹೊರಗಿನಿಂದ ನೋಡುವವರಿಗೆ ಯುದ್ಧಭೂಮಿಯಂತೆ ಕಾಣುವುದಿಲ್ಲ. ಟ್ರಾಮ್ ಓಡುತ್ತದೆ, ಶಾಲೆ ನಡೆಯುತ್ತದೆ, ಪುರಸಭೆಯ ಕಚೇರಿ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತದೆ. ಆದರೆ ಕಚೇರಿಗೆ ಬರುವ ಆಜ್ಞೆಗಳು ಬೇರೆಯವರವು. ಮಗುವಿಗೆ ಅಪಾಯ ಬರುವುದು ಬಾಂಬಿನಿಂದ ಮಾತ್ರವಲ್ಲ, ಸುತ್ತೋಲೆ, ನೋಂದಣಿ ಪುಸ್ತಕ, ಪಡಿತರ ಚೀಟಿಗಳ ಮೂಲಕವೂ ಬರುತ್ತದೆ. ಕಾಪಾಡಬೇಕಾದವರು ಕೂಡ ಅದೇ ಕಚೇರಿ, ಅದೇ ಶಾಲೆ, ಅದೇ ಕಾಗದಗಳ ನಡುವೆಯೇ ಕೆಲಸ ಮಾಡಬೇಕು.

ಬೆಲ್ಜಿಯಂನ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೇವಲ ಇಪ್ಪತ್ತಾರು ವರ್ಷಗಳ ಅಂತರದಲ್ಲಿ ಆ ಪುಟ್ಟ ದೇಶ ಎರಡು ಸಲ ಜರ್ಮನ್ ಸೈನ್ಯದ ವಶಕ್ಕೆ ಹೋಯಿತು. ಮೊದಲ ಸಲ ಕಲಿತದ್ದು ಎರಡನೆಯ ಸಲ ಕೈಹಿಡಿಯಿತು.

1914ರಲ್ಲಿ ಬೆಲ್ಜಿಯಂ ತಾನು ತಿನ್ನುವ ಧಾನ್ಯದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಜರ್ಮನ್ನರು ಒಳನುಗ್ಗಿದರು, ಬ್ರಿಟಿಷರ ನೌಕಾಪಡೆ ಸಮುದ್ರದ ದಾರಿ ಮುಚ್ಚಿತು. ಜನರಿಗೆ ಊಟ ಹಾಕುವುದು ಆಕ್ರಮಣಕಾರನ ಹೊಣೆ ಎಂದು ಬ್ರಿಟನ್ ಹೇಳಿತು. ದಿಗ್ಬಂಧನ ಹಾಕಿದವರದೇ ಹೊಣೆ ಎಂದು ಜರ್ಮನಿ ಹೇಳಿತು. ಈ ಜಗ್ಗಾಟದ ಮಧ್ಯೆ ಲಂಡನ್ನಿನಲ್ಲಿದ್ದ ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ (ಮುಂದೆ ಅಮೆರಿಕದ ಅಧ್ಯಕ್ಷರಾದವರು ಇವರೇ) ಬೆಲ್ಜಿಯಂ ಪರಿಹಾರ ಆಯೋಗವನ್ನು ಕಟ್ಟಿದರು. ಹಡಗುಗಳನ್ನು ತಡೆಯುವುದಿಲ್ಲವೆಂದು ಬ್ರಿಟಿಷರಿಂದಲೂ, ಬಂದ ಧಾನ್ಯಕ್ಕೆ ಸೈನ್ಯ ಕೈಹಾಕುವುದಿಲ್ಲವೆಂದು ಜರ್ಮನ್ನರಿಂದಲೂ ಮಾತು ಪಡೆದರು. ಧಾನ್ಯ ರೋಟರ್‌ಡಾಮ್ ಬಂದರಿಗೆ ಬಂದು, ಅಲ್ಲಿಂದ ಕಾಲುವೆಯ ದೋಣಿಗಳಲ್ಲಿ ಒಳನಾಡಿಗೆ ಹೋಗುತ್ತಿತ್ತು. ಒಳಗೆ ಹಂಚುವ ಹೊಣೆ ಬೆಲ್ಜಿಯನ್ನರ ರಾಷ್ಟ್ರೀಯ ಸಮಿತಿಯದು. ಬ್ರಸೆಲ್ಸ್‌ನಲ್ಲಿ ‘ಪುಟ್ಟ ಜೇನ್ನೊಣಗಳು’ ಎಂಬ ಹೆಸರಿನ ಸಂಘ ಮಕ್ಕಳಿಗಾಗಿ ಊಟದ ಕೇಂದ್ರಗಳನ್ನು ನಡೆಸಿತು. ಹಿಟ್ಟು ಬಂದ ಖಾಲಿ ಚೀಲಗಳ ಮೇಲೆ ಬೆಲ್ಜಿಯಂನ ಹೆಣ್ಣುಮಕ್ಕಳು ಕಸೂತಿ ಹಾಕಿ ಅಮೆರಿಕಕ್ಕೆ ವಾಪಸು ಕಳಿಸುತ್ತಿದ್ದರು. ಆ ಚೀಲಗಳು ಇವತ್ತಿಗೂ ಅಲ್ಲಿನ ಸಂಗ್ರಹಾಲಯಗಳಲ್ಲಿ ಇವೆ.

ಯುದ್ಧ ಮುಗಿದ ಮೇಲೆ ಆ ಅನ್ನದ ವ್ಯವಸ್ಥೆಯನ್ನು ಬೆಲ್ಜಿಯನ್ನರು ಬಿಟ್ಟುಕೊಡಲಿಲ್ಲ. 1919ರಲ್ಲಿ ಕಾನೂನು ಮಾಡಿ ರಾಷ್ಟ್ರೀಯ ಶಿಶು ಕಲ್ಯಾಣ ಸಂಸ್ಥೆಯನ್ನು ಸ್ಥಾಪಿಸಿದರು. ಬಾಣಂತಿಯರ ತಪಾಸಣೆ, ಹಾಲು, ಮಕ್ಕಳ ಮನೆಗಳ ಮೇಲ್ವಿಚಾರಣೆ ಅದರ ಕೆಲಸ. ಶಾಂತಿಯ ಕಾಲದಲ್ಲಿ ಯಾರ ಗಮನವನ್ನೂ ಸೆಳೆಯದಂಥ ಸರ್ಕಾರಿ ಸಂಸ್ಥೆ. 1940ರಲ್ಲಿ ಜರ್ಮನ್ನರು ಮತ್ತೆ ಬಂದ ಮೇಲೆ ಅದರ ಮುಖ್ಯಸ್ಥೆಯಾಗಿದ್ದವರು ಇವೋನ್ ನೆವೆಜಾನ್.

ಮೇ 10ರಂದು ದಾಳಿ, ಮೇ 28ರಂದು ಶರಣಾಗತಿ. ಸರ್ಕಾರ ದೇಶ ಬಿಟ್ಟಿತು, ಕೊನೆಗೆ ಲಂಡನ್ ಸೇರಿತು. ಅಧಿಕಾರಿಗಳು ಮಾತ್ರ ತಮ್ಮ ಕುರ್ಚಿಯಲ್ಲೇ ಉಳಿದರು. ಜನರಲ್ ಫಾಲ್ಕನ್‌ಹೌಸನ್ ಅವರ ಸೇನಾಡಳಿತ ಶುರುವಾಯಿತು. ಆಗ ಬೆಲ್ಜಿಯಂನಲ್ಲಿದ್ದ ಯಹೂದಿಗಳಲ್ಲಿ ಹೆಚ್ಚಿನವರಿಗೆ ಆ ದೇಶದ ಪೌರತ್ವವೇ ಇರಲಿಲ್ಲ. ಪೋಲೆಂಡ್ ಮತ್ತಿತರ ಕಡೆಗಳಿಂದ ಹೊಟ್ಟೆಪಾಡಿಗೆ ಬಂದು ಬ್ರಸೆಲ್ಸ್, ಆಂಟ್‌ವರ್ಪ್‌ಗಳಲ್ಲಿ ಬಟ್ಟೆ ಹೊಲಿದು, ಚರ್ಮದ ಕೆಲಸ ಮಾಡಿ ಬದುಕುತ್ತಿದ್ದವರು. 1940ರ ಅಕ್ಟೋಬರಿನಲ್ಲಿ ಯಹೂದಿಗಳು ಪುರಸಭೆಗೆ ಹೋಗಿ ಹೆಸರು ಬರೆಸಬೇಕೆಂಬ ಆಜ್ಞೆ ಬಂತು. ಜನ ಸಾಲಿನಲ್ಲಿ ನಿಂತು ಬರೆಸಿದರು. ಎರಡು ವರ್ಷದ ನಂತರ ಜರ್ಮನ್ನರು ಅದೇ ಪುಸ್ತಕ ನೋಡಿ ಮನೆಮನೆಗೆ ಬಂದರು. ಮೆಹೆಲೆನ್ ಪಟ್ಟಣದ ದೊಸ್ಸಿನ್ ಸೇನಾ ಬ್ಯಾರಕ್ಕಿನಲ್ಲಿ ಜನರನ್ನು ಕೂಡಿಹಾಕಿ, 1942ರ ಆಗಸ್ಟ್ 4ರಂದು ಮೊದಲ ರೈಲನ್ನು ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ಕಳಿಸಿದರು. ಯುದ್ಧ ಮುಗಿಯುವುದರೊಳಗೆ ಅಲ್ಲಿಂದ ಸಾಗಿಸಲ್ಪಟ್ಟವರು 25 ಸಾವಿರಕ್ಕೂ ಹೆಚ್ಚು. ತಿರುಗಿ ಬಂದವರು ನೂರಕ್ಕೆ ಐದಾರು ಮಂದಿ. ಮಕ್ಕಳಲ್ಲಿ ಬಂದವರು ಬಹುತೇಕ ಯಾರೂ ಇಲ್ಲ.

1942ರ ಸೆಪ್ಟೆಂಬರ್ ಹೊತ್ತಿಗೆ ಬ್ರಸೆಲ್ಸ್‌ನಲ್ಲಿ ಗುಟ್ಟಾಗಿ ಯಹೂದಿ ರಕ್ಷಣಾ ಸಮಿತಿ ಹುಟ್ಟಿತು. ಹೆರ್ಟ್ಸ್ ಜೋಸ್ಪಾ ಮತ್ತು ಅವರ ಪತ್ನಿ ಇವೋನ್ ಜೋಸ್ಪಾ ಅದರ ಬೆನ್ನೆಲುಬು. ತರ್ಕ ಮತ್ತು ವಾಗ್ವಾದದ ತತ್ವಜ್ಞಾನಿ ಎಂದು ಮುಂದೆ ಹೆಸರಾದ ಶಾಯಿಂ ಪೆರೆಲ್ಮನ್ ಅದರಲ್ಲಿದ್ದರು. ಕ್ಯಾಥೊಲಿಕ್ ಪತ್ರಕರ್ತ ಎಮಿಲ್ ಆಂಬ್ರೆಸಿನ್ ಇದ್ದರು. ಕಮ್ಯುನಿಸ್ಟರು, ಜಿಯೋನಿಸ್ಟರು ಇದ್ದರು. ಬೇರೆ ಕಾಲದಲ್ಲಿ ಒಂದೇ ಮೇಜಿಗೆ ಕೂರದಿದ್ದ ಜನ. ಸಮಿತಿಯಲ್ಲಿ ಮಕ್ಕಳಿಗಾಗಿಯೇ ಬೇರೆ ವಿಭಾಗವಿತ್ತು. ಅದರ ಬಹುಪಾಲು ಕೆಲಸ ಹೆಣ್ಣುಮಕ್ಕಳ ಮೇಲೆ ಬಿತ್ತು. ಅವರಲ್ಲಿ ಯಹೂದಿಯಾಗಿದ್ದ ಇಡಾ ಸ್ಟರ್ನೊ ಇದ್ದರು, ಆಮೇಲೆ ಬಂದು ಸೇರಿದ ಆಂದ್ರೆ ಗ್ಯೂಲೆನ್ ಇದ್ದರು.

ಗ್ಯೂಲೆನ್ ಸೇರಿದ ಬಗೆಯನ್ನು ಹೇಳಲೇಬೇಕು. ಆ ಹೊತ್ತಿಗೆ ಅವರು ಗಾಟಿ ದ ಗಾಮೊಂ ಎಂಬ ಹೆಣ್ಣುಮಕ್ಕಳ ವಸತಿಶಾಲೆಗೆ ಬಂದಿದ್ದರು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಓಡಿಲ್ ಓವಾರ್ ಹನ್ನೆರಡು ಮಂದಿ ಯಹೂದಿ ವಿದ್ಯಾರ್ಥಿಗಳನ್ನು ಸುಳ್ಳು ಹೆಸರಿನಲ್ಲಿ ಇಟ್ಟುಕೊಂಡಿದ್ದರು. 1943ರ ಮೇ ತಿಂಗಳ ಒಂದು ರಾತ್ರಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ದಾಳಿ ಮಾಡಿತು. ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದರು. ಯಹೂದಿಗಳಿಗೆ ಪಾಠ ಹೇಳಲು ನಾಚಿಕೆಯಾಗುವುದಿಲ್ಲವೇ ಎಂದು ಅಧಿಕಾರಿಯೊಬ್ಬ ಗ್ಯೂಲೆನ್ ಅವರನ್ನು ಕೇಳಿದ. ಮಕ್ಕಳ ಮೇಲೆ ಯುದ್ಧ ಮಾಡಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಅವರು ತಿರುಗಿ ಕೇಳಿದರು. ಸಿಕ್ಕ ಮಕ್ಕಳನ್ನೂ, ಮುಖ್ಯೋಪಾಧ್ಯಾಯಿನಿಯನ್ನೂ, ಅವರ ಗಂಡನನ್ನೂ ಹಿಡಿದೊಯ್ದರು. ಗಂಡಹೆಂಡತಿ ಇಬ್ಬರೂ ಜರ್ಮನ್ ಶಿಬಿರಗಳಲ್ಲಿ ಸತ್ತರು. ಇವರೆಲ್ಲ ಶಾಲೆಯ ಜನ. ಪಾಠದ ಯೋಜನೆ ಬರೆಯುತ್ತಿದ್ದವರು, ಹಾಜರಿ ಕೂಗುತ್ತಿದ್ದವರು. ಇಲ್ಲಿ ಕೂತಿರುವ ಶಿಕ್ಷಕ ಮಿತ್ರರು ಓಡಿಲ್ ಓವಾರ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ಆಸೆ.

ಆ ರಾತ್ರಿ ತಪ್ಪಿಸಿಕೊಂಡ ಗ್ಯೂಲೆನ್ ‘ಕ್ಲಾದ್ ಫೂರ್ನಿಯೆ’ ಎಂಬ ಸುಳ್ಳು ಹೆಸರಿಟ್ಟುಕೊಂಡು ಪೂರ್ತಿಯಾಗಿ ಸಮಿತಿಯ ಕೆಲಸಕ್ಕೆ ಇಳಿದರು. ಯಾವುದೋ ಓಣಿಯ ಮನೆಯ ಕದ ತಟ್ಟಬೇಕು. ಒಳಗಿರುವ ತಾಯಿಗೆ ಈಕೆ ಯಾರೋ ಗೊತ್ತಿಲ್ಲ. ನಾಲ್ಕು ವರ್ಷದ ಮಗುವನ್ನು ಈಗಲೇ ಕೊಡಿ ಎಂದು ಕೇಳಬೇಕು. ಎಲ್ಲಿಗೆ ಒಯ್ಯುತ್ತೀರಿ ಎಂದು ತಾಯಿ ಕೇಳುತ್ತಾಳೆ. ಹೇಳುವ ಹಾಗಿಲ್ಲ. ವಿಳಾಸ ಗೊತ್ತಾದರೆ ತಾಯಿ ಒಂದಲ್ಲ ಒಂದು ದಿನ ಮಗುವನ್ನು ನೋಡಲು ಹೋಗುತ್ತಾಳೆ, ಹಿಂದೆಯೇ ಬೇಹುಗಾರ ಹೋಗುತ್ತಾನೆ. ಸಿಕ್ಕಿಬಿದ್ದು ಚಿತ್ರಹಿಂಸೆಗೆ ಒಳಗಾದರೆ ಬಾಯಿಬಿಡಬೇಕಾಗುತ್ತದೆ. ಆದ್ದರಿಂದ ಆಕೆಗೆ ಗೊತ್ತಿರಬಾರದು. ದಾರಿಯಲ್ಲಿ ಮಗುವಿಗೆ ಹೊಸ ಹೆಸರು ಕಲಿಸಬೇಕು. ಇನ್ನು ಮುಂದೆ ನೀನು ಇಂಥವಳು, ನಿನ್ನ ಊರು ಇಂಥದ್ದು, ಹಳೆಯ ಹೆಸರನ್ನು ಯಾರು ಕೇಳಿದರೂ ಹೇಳಬೇಡ. ಹೀಗೆ ಕಲಿತ ಮಗುವನ್ನು ಕಾನ್ವೆಂಟಿಗೋ, ಹಳ್ಳಿಯ ರೈತನ ಮನೆಗೋ, ಸರ್ಕಾರಿ ಮಕ್ಕಳ ಮನೆಗೋ ಮುಟ್ಟಿಸಬೇಕು.

ಅಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಸಾಕುವ ಮನೆಯವರಲ್ಲಿ ಅನುಕೂಲವಿಲ್ಲದವರಿಗೆ ತಿಂಗಳು ತಿಂಗಳು ದುಡ್ಡು ಮುಟ್ಟಬೇಕು, ಪಡಿತರ ಚೀಟಿ ಮುಟ್ಟಬೇಕು, ಮಗು ಹೇಗಿದೆ ಎಂದು ಹೋಗಿ ನೋಡಬೇಕು, ನೆರೆಯವರಿಗೆ ಅನುಮಾನ ಬಂದರೆ ರಾತ್ರೋರಾತ್ರಿ ಬೇರೆ ಕಡೆಗೆ ಸಾಗಿಸಬೇಕು. ನಾನು ಮೊದಲು ಹೇಳಿದ ಶಿಶು ಕಲ್ಯಾಣ ಸಂಸ್ಥೆ ನೆರವಿಗೆ ಬಂದದ್ದು ಇಲ್ಲಿ. ಆ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ದೇಶದ ತುಂಬ ಮಕ್ಕಳ ಮನೆಗಳಿದ್ದವು. ಬಡ ಮಕ್ಕಳನ್ನು ಹಳ್ಳಿಗೆ ಕಳಿಸುವುದು, ಅದಕ್ಕೆ ಹಣ ಕೊಡುವುದು ಅದರ ನಿತ್ಯದ ಕೆಲಸವೇ ಆಗಿತ್ತು. ಆ ನಿತ್ಯದ ಕೆಲಸದೊಳಗೆ ಯಹೂದಿ ಮಕ್ಕಳನ್ನು ನೆವೆಜಾನ್ ಸೇರಿಸಿಬಿಟ್ಟರು. ಲಂಡನ್ನಿನಲ್ಲಿದ್ದ ಸರ್ಕಾರದಿಂದ ಗುಟ್ಟಾಗಿ ಹಣವನ್ನೂ ಪಡೆದರು. 1942ರ ಅಕ್ಟೋಬರ್ 30ರಂದು ಬ್ರಸೆಲ್ಸ್ ಬಳಿಯ ವೆಜೆಂಬೇಕ್ ಅನಾಥಾಲಯದ ಮಕ್ಕಳನ್ನೂ ಸಿಬ್ಬಂದಿಯನ್ನೂ ಗೆಸ್ಟಾಪೊ ಹಿಡಿದು ಮೆಹೆಲೆನ್‌ಗೆ ಒಯ್ದಾಗ, ನೆವೆಜಾನ್ ಕಾನೂನು ಇಲಾಖೆಯ ಅಧಿಕಾರಿಗಳಿಂದ ಹಿಡಿದು ರಾಜಮಾತೆ ಎಲಿಜಬೆತ್ ತನಕ ಎಲ್ಲರನ್ನೂ ಎಬ್ಬಿಸಿ ಒತ್ತಾಯ ತಂದರು. ಮಕ್ಕಳು ಬಿಡುಗಡೆಯಾದರು. ರೈಲು ಹತ್ತಬೇಕಾಗಿದ್ದ ಮಕ್ಕಳು ಅನಾಥಾಲಯಕ್ಕೆ ತಿರುಗಿ ಬಂದದ್ದು ಆ ಕಾಲದಲ್ಲಿ ಬಹಳ ಅಪರೂಪದ ಘಟನೆ.

ಬ್ರಸೆಲ್ಸ್‌ನ ಆಂಡರ್ಲೆಕ್ಟ್ ಕಾನ್ವೆಂಟಿನ ಪ್ರಸಂಗ ಇನ್ನೊಂದು ಬಗೆಯದು. 1943ರ ಮೇ ತಿಂಗಳಲ್ಲಿ ಅಲ್ಲಿ ಅಡಗಿದ್ದ ಪುಟ್ಟ ಹುಡುಗಿಯರನ್ನು ಒಯ್ಯಲು ಗೆಸ್ಟಾಪೊ ಬಂತು. ಮಕ್ಕಳ ಬಟ್ಟೆಬರೆ ಕಟ್ಟಲು ಮರುದಿನದವರೆಗೆ ಸಮಯ ಕೊಡಿ ಎಂದು ಮದರ್ ಸುಪೀರಿಯರ್ ಬೇಡಿಕೊಂಡರು. ಸಮಯ ಸಿಕ್ಕಿತು. ಆ ರಾತ್ರಿ ಪಾಲ್ ಹಾಲ್ಟರ್, ಬರ್ನಾರ್ಡ್ ಫೆನರ್ಬರ್ಗ್ ಮೊದಲಾದ ಪ್ರತಿರೋಧ ಪಡೆಯ ಯುವಕರು ನುಗ್ಗಿ, ಸನ್ಯಾಸಿನಿಯರನ್ನು ಕಟ್ಟಿಹಾಕಿ, ಮಕ್ಕಳನ್ನು ಕರೆದೊಯ್ದರು. ಕಟ್ಟಿಹಾಕಿದ್ದು ಸನ್ಯಾಸಿನಿಯರ ರಕ್ಷಣೆಗಾಗಿಯೇ, ಅವರೂ ಕೈಜೋಡಿಸಿದ್ದಾರೆಂದು ಗೆಸ್ಟಾಪೊಗೆ ಅನುಮಾನ ಬಾರದಿರಲಿ ಎಂದು.

ಇಂಥ ಸಾಹಸದ ಕತೆಗಳು ಮನಸ್ಸಿನಲ್ಲಿ ಬೇಗ ನಿಲ್ಲುತ್ತವೆ. ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಸಮಿತಿಯ ಮಕ್ಕಳ ವಿಭಾಗ ಇಟ್ಟಿದ್ದ ಐದು ನೋಟ್‌ಬುಕ್ಕುಗಳು. ಒಂದರಲ್ಲಿ ಮಗುವಿನ ನಿಜವಾದ ಹೆಸರು, ಅದಕ್ಕೊಂದು ಸಂಕೇತ ಸಂಖ್ಯೆ. ಇನ್ನೊಂದರಲ್ಲಿ ಅದೇ ಸಂಖ್ಯೆಯ ಮುಂದೆ ಸುಳ್ಳು ಹೆಸರು. ಮತ್ತೊಂದರಲ್ಲಿ ತಂದೆತಾಯಿಯ ಹಳೆಯ ವಿಳಾಸ. ಉಳಿದವುಗಳಲ್ಲಿ ಆಶ್ರಯ ಕೊಟ್ಟವರ ವಿವರ. ಐದನ್ನೂ ಬೇರೆಬೇರೆ ಕಡೆ ಬಚ್ಚಿಟ್ಟಿದ್ದರು. ಒಂದು ಸಿಕ್ಕರೆ ಗೆಸ್ಟಾಪೊಗೆ ಏನೂ ತಿಳಿಯುತ್ತಿರಲಿಲ್ಲ. ಐದನ್ನೂ ಪಕ್ಕಪಕ್ಕದಲ್ಲಿಟ್ಟರೆ ಪ್ರತಿ ಮಗುವೂ ಯಾರದು, ಎಲ್ಲಿದೆ ಎಂದು ಓದಿ ಹೇಳಬಹುದಿತ್ತು. ಸಮಿತಿ ಹೀಗೆ ಬಚ್ಚಿಟ್ಟ ಮಕ್ಕಳು ಎರಡು ಸಾವಿರಕ್ಕೂ ಹೆಚ್ಚು.

ಅಡಗಿಸುವವರು ಬರೆದಿಡುವುದು ಅಪಾಯ. ಏನನ್ನೂ ಬರೆಯದಿದ್ದರೆ ಎಲ್ಲರೂ ಇನ್ನಷ್ಟು ಸುರಕ್ಷಿತ. ಹಾಗಿದ್ದೂ ಏಕೆ ಬರೆದರು? ಎರಡು ವರ್ಷದ ಕೂಸಿಗೆ ತನ್ನ ಮನೆತನದ ಹೆಸರು ಗೊತ್ತಿರುವುದಿಲ್ಲ. ಐದು ವರ್ಷದ ಮಗು ಹೊಸ ಹೆಸರಿಗೆ ಕೆಲವೇ ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ, ಹಳೆಯದನ್ನು ಮರೆಯುತ್ತದೆ, ಮರೆಯಲೆಂದೇ ಕಲಿಸಿರುತ್ತಾರೆ. ದಾಖಲೆ ಇಲ್ಲದಿದ್ದರೆ ಮಗು ಬದುಕುತ್ತದೆ, ಆದರೆ ಅದನ್ನು ಹುಡುಕಿ ಬರುವವರಿಗೆ ಸಿಗುವುದಿಲ್ಲ. ಜೀವ ಉಳಿಸಿದ ಮೇಲೆ ಮನೆಗೆ ಮರಳಿಸುವ ಹೊಣೆಯೂ ತಮ್ಮದೇ ಎಂದು ಆ ಹೆಣ್ಣುಮಕ್ಕಳು ಮೊದಲ ದಿನದಿಂದಲೇ ನಂಬಿದ್ದರು. ಮಾನವೀಯ ನೆರವು ಎಂದು ನಾವು ಕರೆಯುವ ಕೆಲಸದ ತಿರುಳನ್ನು ನಾನು ಕಂಡುಕೊಂಡದ್ದು ಈ ನಂಬಿಕೆಯಲ್ಲಿ. ಪುರಸಭೆಯ ಪುಸ್ತಕ ಜನರನ್ನು ಹಿಡಿದುಕೊಟ್ಟ ಅದೇ ಊರಿನಲ್ಲಿ, ಈ ಪುಸ್ತಕಗಳು ಮಕ್ಕಳನ್ನು ಹೆತ್ತವರಿಗಾಗಿ ಕಾಯುತ್ತಿದ್ದವು. 1944ರ ಮೇ ತಿಂಗಳಲ್ಲಿ ಇಡಾ ಸ್ಟರ್ನೊ ಸಿಕ್ಕಿಬಿದ್ದು ಮೆಹೆಲೆನ್ ಸೇರಿದರು. ನೋಟ್‌ಬುಕ್ಕುಗಳು ಮಾತ್ರ ಶತ್ರುವಿನ ಕೈಗೆ ಸಿಗಲಿಲ್ಲ. ಅದೃಷ್ಟವಶಾತ್ ಇಡಾ ಅವರೂ ಬದುಕಿದರು.

1944ರ ಸೆಪ್ಟೆಂಬರ್ 3ರಂದು ಬ್ರಸೆಲ್ಸ್ ಬಿಡುಗಡೆಯಾಯಿತು. ನೋಟ್‌ಬುಕ್ಕುಗಳು ಹೊರಗೆ ಬಂದವು. ಎಷ್ಟೋ ಮಕ್ಕಳಿಗೆ ಬರಬೇಕಾಗಿದ್ದ ತಂದೆತಾಯಿ ಬರಲೇ ಇಲ್ಲ. ಕೆಲವರಿಗೆ ಬಂದರು, ಆದರೆ ಮಗುವಿಗೆ ಗುರುತು ಸಿಗಲಿಲ್ಲ. ಯಿಡ್ಡಿಷ್ ಮಾತಾಡುವ ಬಡಕಲು ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನಾನು ನಿನ್ನಮ್ಮ ಎನ್ನುತ್ತಾಳೆ. ಮಗುವಿಗೆ ಫ್ರೆಂಚ್ ಬಿಟ್ಟರೆ ಬೇರೆ ಬಾರದು, ರಾತ್ರಿ ಮಲಗುವ ಮುನ್ನ ಹೇಳುವುದು ಕ್ರೈಸ್ತ ಪ್ರಾರ್ಥನೆ, ಅಮ್ಮ ಎಂದು ಕರೆಯುವುದು ಎರಡು ವರ್ಷ ಅಪ್ಪಿ ಸಾಕಿದ ರೈತನ ಹೆಂಡತಿಯನ್ನು. ಆ ಸಾಕುತಾಯಿಯ ದುಃಖವೂ ಸಣ್ಣದಲ್ಲ. ಪ್ರಾಣವನ್ನು ಪಣಕ್ಕಿಟ್ಟು ಕಾಪಾಡಿದ ಕೂಸನ್ನು ಒಂದು ದಿನ ಬಟ್ಟೆ ಹಾಕಿ ಕಳಿಸಿಕೊಡಬೇಕು. ಕಳಿಸಿಕೊಡಲು ಒಪ್ಪದವರೂ ಇದ್ದರು. ಫ್ರಾನ್ಸಿನ ಫಿನಾಲಿ ಪ್ರಕರಣದಲ್ಲಿ ತಂದೆತಾಯಿ ಕಳೆದುಕೊಂಡ ಇಬ್ಬರು ಯಹೂದಿ ಹುಡುಗರಿಗೆ ದೀಕ್ಷಾಸ್ನಾನ ಮಾಡಿಸಿ, ನ್ಯಾಯಾಲಯ ಹೇಳಿದರೂ ಕೊಡದೆ, ಗಡಿ ದಾಟಿಸಿ ಸ್ಪೇನಿನಲ್ಲಿ ಬಚ್ಚಿಟ್ಟಿದ್ದರು. 1953ರಲ್ಲಿ ಇಡೀ ಫ್ರಾನ್ಸ್ ಇದನ್ನೇ ಮಾತಾಡಿತು. ಕೊನೆಗೆ ಮಕ್ಕಳು ಸೋದರತ್ತೆಯ ಕೈ ಸೇರಿದರು. ಕಾಪಾಡಿದವರಿಗೆ ಮಗುವಿನ ಮೇಲೆ ಪ್ರೀತಿ ಇರಬಹುದು, ಹಕ್ಕು ಇರುವುದಿಲ್ಲ ಎಂಬ ಕಷ್ಟದ ಮಾತನ್ನು ನಾನು ಒಪ್ಪುತ್ತೇನೆ.

ಮುಂದೆ 2013ರಲ್ಲಿ, ಹಿಗ್ಸ್ ಅವರೊಂದಿಗೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಫ್ರಾಂಸ್ವಾ ಆಂಗ್ಲೇರ್ ಹೀಗೆ ಬೆಲ್ಜಿಯಂನ ಮಕ್ಕಳ ಮನೆಗಳಲ್ಲಿ ಗುರುತು ಮರೆಸಿಕೊಂಡು ಬದುಕಿದ ಹುಡುಗ. ಆದರೆ ಮಗುವನ್ನು ಉಳಿಸಿದ್ದು ಸಾರ್ಥಕವಾಗಲು ಅದು ನೊಬೆಲ್ ಪಡೆಯಬೇಕಿಲ್ಲ.

ಬ್ರಸೆಲ್ಸ್‌ನ ನೋಟ್‌ಬುಕ್ಕುಗಳ ಕೆಲಸಕ್ಕೆ ತದ್ವಿರುದ್ಧವಾದ ಕೆಲಸವೂ ಅದೇ ಯುದ್ಧದಲ್ಲಿ ನಡೆಯಿತು. ಪೋಲೆಂಡಿನಲ್ಲಿ ನಾಜಿಗಳು ತಮ್ಮ ಜನಾಂಗದಂತೆ ಕಾಣುವ ಮಕ್ಕಳನ್ನು ಕಿತ್ತುಕೊಂಡು, ಜರ್ಮನ್ ಹೆಸರಿಟ್ಟು, ಹುಟ್ಟಿನ ದಾಖಲೆ ಬದಲಿಸಿ, ಜರ್ಮನ್ ಮನೆಗಳಿಗೆ ಕೊಟ್ಟರು. ಮೇಲುನೋಟಕ್ಕೆ ಎರಡೂ ಕಡೆ ನಡೆದದ್ದು ಹೆಸರು ಬದಲಿಸುವ ಕೆಲಸವೇ. ಒಂದು ಕಡೆ ಹಳೆಯ ಹೆಸರನ್ನು ಜೋಪಾನ ಮಾಡಿದರು, ಇನ್ನೊಂದು ಕಡೆ ಅಳಿಸಿಹಾಕಿದರು. ಅದೇ ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಸೈನ್ಯ ವಶಮಾಡಿಕೊಂಡು ಗಡಿಪಾರು ಮಾಡಿದ ಕುಟುಂಬಗಳ ಮಕ್ಕಳಲ್ಲಿ ಕೆಲವರು ಇರಾನ್ ದಾಟಿ ನಮ್ಮ ನೆಲಕ್ಕೇ ಬಂದರು. ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ಅವರಿಗೆ ಆಶ್ರಯ ಕೊಟ್ಟರು. 1943ರಿಂದ ಐದು ವರ್ಷ, ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ಪಕ್ಕ, ವಳಿವಡೆಯಲ್ಲಿ ಸಾವಿರಾರು ಪೋಲಿಷ್ ತಾಯಂದಿರೂ ಮಕ್ಕಳೂ ನೆಲೆಸಿದ್ದರು. ಅಲ್ಲಿ ಪೋಲಿಷ್ ಭಾಷೆಯ ಶಾಲೆಗಳೇ ನಡೆಯುತ್ತಿದ್ದವು, ಪೋಲಿಷ್ ಶಿಕ್ಷಕರೇ ಕಲಿಸುತ್ತಿದ್ದರು. ಆಶ್ರಯ ಕೊಟ್ಟವರು ಆ ಮಕ್ಕಳನ್ನು ತಮ್ಮಂತೆ ಮಾಡಿಕೊಳ್ಳಲು ಹೋಗಲಿಲ್ಲ.

ಈ ಅನುಭವಗಳೆಲ್ಲ 1949ರ ಆಗಸ್ಟ್ 12ರಂದು ಜಿನೀವಾದಲ್ಲಿ ಕಾನೂನಾದವು. ನಾಲ್ಕನೆಯ ಜಿನೀವಾ ಒಪ್ಪಂದದ 50ನೆಯ ವಿಧಿ ಆಕ್ರಮಿತ ಪ್ರದೇಶದ ಮಕ್ಕಳಿಗೇ ಮೀಸಲು. ಮಕ್ಕಳ ಪಾಲನೆ, ಶಿಕ್ಷಣದ ಸಂಸ್ಥೆಗಳು ಸರಿಯಾಗಿ ನಡೆಯುವಂತೆ ಆಕ್ರಮಣಕಾರ ನೋಡಿಕೊಳ್ಳಬೇಕು. ಮಗುವಿನ ಗುರುತು ಮತ್ತು ಹೆತ್ತವರ ನೋಂದಣಿಗೆ ಅನುಕೂಲ ಮಾಡಬೇಕು. ಅದರ ವೈಯಕ್ತಿಕ ಸ್ಥಾನಮಾನವನ್ನು ಬದಲಿಸಬಾರದು, ತನ್ನ ಸಂಘಟನೆಗಳಿಗೆ ಸೇರಿಸಿಕೊಳ್ಳಬಾರದು. ಅನಾಥ ಮಕ್ಕಳನ್ನು ಸಾಧ್ಯವಾದಷ್ಟೂ ಅವರದೇ ದೇಶ, ಭಾಷೆ, ಧರ್ಮದವರಿಂದ ಬೆಳೆಸಬೇಕು. 1977ರ ಹೆಚ್ಚುವರಿ ಒಪ್ಪಂದ, ಮಗುವನ್ನು ಬೇರೆ ದೇಶಕ್ಕೆ ಸ್ಥಳಾಂತರಿಸಿದರೆ ಫೋಟೊ ಸಮೇತ ಒಂದು ಕಾರ್ಡು ಬರೆದು ರೆಡ್‌ಕ್ರಾಸ್‌ನ ಹುಡುಕಾಟ ವಿಭಾಗಕ್ಕೆ ಕಳಿಸಬೇಕು ಎನ್ನುತ್ತದೆ. ತಂದೆತಾಯಿಯ ಹೆಸರು, ಮಾತೃಭಾಷೆ, ರಕ್ತದ ಗುಂಪು, ಮೈಮೇಲಿನ ಗುರುತು, ಎಲ್ಲವೂ ಸಾಧ್ಯವಾದಷ್ಟೂ ಆ ಕಾರ್ಡಿನಲ್ಲಿರಬೇಕು. ನಾನು ಆ ಪಟ್ಟಿಯನ್ನು ಓದುವಾಗ ಬ್ರಸೆಲ್ಸ್‌ನ ನೋಟ್‌ಬುಕ್ಕುಗಳನ್ನೇ ಓದಿದಂತಾಗುತ್ತದೆ.

ಈ ಕಾನೂನಿನ ಹಿಂದಿರುವ ನೋವಿನಲ್ಲಿ ಯಹೂದಿ ಮಕ್ಕಳ ನೋವು ದೊಡ್ಡ ಪಾಲು. ಅದೇ ಕಾನೂನು ಇವತ್ತು ಇಸ್ರೇಲ್ ಆಕ್ರಮಿತ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿ ಮಗುವಿಗೂ ಸಲ್ಲಬೇಕು. ಅಲ್ಲಿ ಕಲ್ಲೆಸೆದನೆಂದು ಹಿಡಿದ ಪ್ಯಾಲೆಸ್ತೀನಿ ಹುಡುಗ ಇಸ್ರೇಲಿನ ಸೇನಾ ನ್ಯಾಯಾಲಯದ ಮುಂದೆ ನಿಲ್ಲುತ್ತಾನೆ. ಪಕ್ಕದ ವಸಾಹತಿನ ಇಸ್ರೇಲಿ ಹುಡುಗನಿಗೆ ನಾಗರಿಕ ಕಾನೂನು. ಬಂಧನದಲ್ಲಿರುವ ಮಕ್ಕಳ ಮೇಲಿನ ದೌರ್ಜನ್ಯ ವ್ಯಾಪಕವೂ ವ್ಯವಸ್ಥಿತವೂ ಆಗಿ ಕಾಣುತ್ತದೆ ಎಂದು ಯುನಿಸೆಫ್ 2013ರಲ್ಲೇ ಹೇಳಿತು. 1950ರಿಂದ ಪ್ಯಾಲೆಸ್ತೀನಿ ನಿರಾಶ್ರಿತರ ಮಕ್ಕಳಿಗೆ ಶಾಲೆ ನಡೆಸುತ್ತ ಬಂದ ವಿಶ್ವಸಂಸ್ಥೆಯ ನೆರವು ಸಂಸ್ಥೆಯ ಕೆಲಸಕ್ಕೆ ಇಸ್ರೇಲ್ ಸಂಸತ್ತು 2024ರ ಅಕ್ಟೋಬರಿನಲ್ಲಿ ಕಾನೂನು ಮಾಡಿ ಅಡ್ಡಗಾಲು ಹಾಕಿತು. 50ನೆಯ ವಿಧಿ ಕಾಪಾಡಬೇಕೆನ್ನುವುದು ಇಂಥ ಶಾಲೆಗಳನ್ನೇ. ಯಾವ ಮಗು, ಯಾರ ಸೈನ್ಯ ಎಂದು ನೋಡಿ ಈ ವಿಧಿಯನ್ನು ಓದಲು ನನಗೆ ಸಾಧ್ಯವಿಲ್ಲ.

ಉಕ್ರೇನಿನ ಖೆರ್ಸೋನ್ ನಗರ 2022ರಲ್ಲಿ ಕೆಲವು ತಿಂಗಳು ರಷ್ಯಾದ ವಶದಲ್ಲಿತ್ತು. ಅನಾಥ ಮಕ್ಕಳನ್ನು ಒಯ್ಯುತ್ತಾರೆಂಬ ಸುದ್ದಿ ಹಬ್ಬಿದಾಗ ಅಲ್ಲಿನ ಆಸ್ಪತ್ರೆಯ ವೈದ್ಯರು ಆರೋಗ್ಯವಾಗಿದ್ದ ಮಕ್ಕಳ ಕೇಸ್‌ಶೀಟಿನಲ್ಲಿ ಇಲ್ಲದ ಕಾಯಿಲೆಗಳನ್ನು ಬರೆದು, ಪ್ರಯಾಣಕ್ಕೆ ಯೋಗ್ಯರಲ್ಲ ಎಂದು ತೋರಿಸಿದರು. ಊರ ಹೊರಗಿನ ಸ್ಟೆಪಾನಿವ್ಕಾದ ಪುನರ್ವಸತಿ ಕೇಂದ್ರದ ನಿರ್ದೇಶಕ ವೊಲೊದಿಮಿರ್ ಸಹಾಯ್ದಾಕ್ ಮತ್ತು ಸಿಬ್ಬಂದಿ ಐವತ್ತಕ್ಕೂ ಹೆಚ್ಚು ಮಕ್ಕಳನ್ನು ದೂರದ ನೆಂಟರ ಮನೆಗಳಲ್ಲಿ, ತಮ್ಮ ಮನೆಗಳಲ್ಲಿ ಹಂಚಿ ಅಡಗಿಸಿದರು. ಅದೇ ನಗರದ ಶಿಶುಗೃಹದ ನಲವತ್ತಕ್ಕೂ ಹೆಚ್ಚು ಎಳೆಯ ಮಕ್ಕಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಅವರನ್ನು ಕ್ರಿಮಿಯಾಕ್ಕೆ ಸಾಗಿಸಿದರು.

ಉಕ್ರೇನಿನ ಅನಾಥ ಮಕ್ಕಳಿಗೆ ರಷ್ಯಾದ ಪೌರತ್ವ ಕೊಡುವುದನ್ನು ಸುಲಭಗೊಳಿಸುವ ಆಜ್ಞೆಗೆ ಅಧ್ಯಕ್ಷ ಪುಟಿನ್ 2022ರ ಮೇ ತಿಂಗಳಲ್ಲೇ ಸಹಿ ಹಾಕಿದ್ದರು. ಮಕ್ಕಳ ಅಕ್ರಮ ಸಾಗಣೆಯ ಆರೋಪದ ಮೇಲೆ 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಪುಟಿನ್ ಮೇಲೂ, ರಷ್ಯಾದ ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೊವಾ-ಬೆಲೊವಾ ಮೇಲೂ ಬಂಧನದ ವಾರಂಟ್ ಹೊರಡಿಸಿತು. ವಾರಂಟಿನಿಂದ ಮಗು ಮನೆಗೆ ಬರುವುದಿಲ್ಲ. ಮಕ್ಕಳು ಬರುತ್ತಿರುವುದು ಒಬ್ಬೊಬ್ಬರಾಗಿ. ಅಜ್ಜಿಯೋ ತಾಯಿಯೋ ಜನನ ಪತ್ರ ಹಿಡಿದುಕೊಂಡು ಮೂರನೆಯ ದೇಶದ ಮೂಲಕ ಹೋಗಿ ಕರೆತರಬೇಕು. ಇದು ನನ್ನ ಮಗು ಎಂದು ಕಾಗದದಲ್ಲಿ ತೋರಿಸಬಲ್ಲವರಿಗಷ್ಟೇ ಈ ದಾರಿ. ಯಾರೂ ಇಲ್ಲದ, ಮಾತು ಬಾರದ ಕೂಸುಗಳ ಪರವಾಗಿ ದಾಖಲೆ ಹಿಡಿದು ಹೋಗಬೇಕಾದವರು ಸಂಸ್ಥೆಗಳು, ಸರ್ಕಾರಗಳು.

ಹೀಗೆ ಒಯ್ಯಲ್ಪಟ್ಟ 19 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಉಕ್ರೇನ್ ಗುರುತಿಸಿದೆ. 2025ರ ಜೂನ್‌ನಲ್ಲಿ ಇಸ್ತಾಂಬುಲಿನಲ್ಲಿ ಎರಡೂ ದೇಶಗಳು ಮಾತುಕತೆಗೆ ಕೂತಾಗ ಉಕ್ರೇನಿನ ಪ್ರತಿನಿಧಿಗಳು ಎದುರಿನವರ ಕೈಗೆ ಮಕ್ಕಳ ಹೆಸರಿನ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಇದ್ದದ್ದು 339 ಹೆಸರು.